ಹೊಲಿಗೆ ಟೀಚರು ಸೋತ ಚರ್ಚೆ

ಮೊಣಕಾಲಿಗೆ ಬರುವ ಬಿಳಿ ಕೂದಲು. ಶನಿವಾರ ತಲೆಗೆ ಎರೆದುಕೊಂಡು ನಮ್ಮ ಹೊಲಿಗೆ ಟೀಚರು ಅದನ್ನು ಬಿಚ್ಚಿ ಹರಡಿ, ಜಗಲಿಯ ತುದಿಯಲ್ಲಿ ರಸ್ತೆಗೆ ಮುಖ ಮಾಡಿ ಕೂರುತ್ತಿದ್ದರು. ಹಿತ್ತಲಲ್ಲಿ ಇನ್ನೂ ಒಳ್ಳೆಯ ಬಿಸಿಲಿತ್ತು. ಆದರೂ ರಸ್ತೆಯ ಕಡೆಗೇ. ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಮೇಲಿನ ಪೇಟೆಗೆ ಹೋಗುವವರು ಆ ಜಗಲಿ ದಾಟಿಯೇ ಹೋಗಬೇಕು. ಇಷ್ಟು ವಯಸ್ಸಾದ ಹೆಂಗಸು ಹೀಗೆ ಕೂದಲು ಕೆದರಿಕೊಂಡು ಕೂರುವುದೇ ಎಂದು ಯಾರಾದರೂ ಗೊಣಗಿದರೆ, "ಕೂದಲು ನಂದು, ಜಗಲಿ ನಂದು. ಕಣ್ಣು ನಿಮ್ದು, ಬೇರೆ ಕಡೆ ಇಟ್ಕೊಳ್ಳಿ" ಅನ್ನುವರು. ಒಂದು ಬಿಳಿ ಕಾರು ಬಂದರೆ ಮಾತ್ರ ಎದ್ದು ನಿಂತು, ಇಡೀ ಕೂದಲನ್ನು ಮುಂದಕ್ಕೆ ತಂದು ಟವಲಿನಿಂದ ಪಟಪಟ ಬಡಿಯುವರು. ಕಾರಿನಲ್ಲಿ ಕೂತವರು ಆಚೆ ಮುಖ ತಿರುಗಿಸುತ್ತಿದ್ದರು.

ಕಾರಿನಲ್ಲಿ ಕೂತವರು ನನ್ನ ಗಂಡನ ದೊಡ್ಡಪ್ಪ. ನಾನು ಅವರನ್ನು ದೊಡ್ಡಮಾವ ಅಂತ ಕರೆಯುತ್ತಿದ್ದೆ. ಈಗಲೂ ಹಾಗೇ ಬರೆಯುತ್ತೇನೆ. ಮರ್ಯಾದೆಗಲ್ಲ, ಅಭ್ಯಾಸ.

ನನ್ನ ಗಂಡ ಜೀಪು ಮಗುಚಿ ತೀರಿಕೊಂಡಾಗ ನನಗೆ ಇಪ್ಪತ್ತಾರು ದಾಟಿರಲಿಲ್ಲ. ದೊಡ್ಡಮಾವನೇ ಯಜಮಾನರಾಗಿದ್ದ ಹರಿಹರಪುರದ ಆ ಕೂಡುಮನೆಯಲ್ಲಿ ಒಂದು ವರ್ಷ ಮೂಲೆಯಲ್ಲಿ ಕೂತೆ. ಆಮೇಲೆ ಕೆಲಸಕ್ಕೆ ಹೋಗುತ್ತೇನೆ ಅಂದೆ. "ಹೋಗು, ಬೇಡ ಅನ್ನೋದಿಲ್ಲ. ಆದರೆ ಕೂಸು ಈ ಮನೇದು, ಅದು ಇಲ್ಲೇ ಇರುತ್ತೆ" ಅಂದರು ದೊಡ್ಡಮಾವ. ಮಗಳಿಗೆ ಆಗ ನಾಲ್ಕು ವರ್ಷ. ನನ್ನ ತವರಲ್ಲಿ ಅಪ್ಪ ಇರಲಿಲ್ಲ, ಅಣ್ಣನಿಗೆ ಆ ಮನೆಯ ಹೆಸರು ಕೇಳಿದರೇ ನಡುಕ. ನಾನು ಕೊಪ್ಪದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಭಾನುವಾರಕ್ಕೊಮ್ಮೆ ಬಸ್ಸು ಹತ್ತಿ ನನ್ನದೇ ಮಗಳನ್ನು ನೆಂಟಳ ಹಾಗೆ ನೋಡಿಕೊಂಡು ಬರುತ್ತಿದ್ದೆ. ಹೊರಡುವಾಗ ಅದು ನನ್ನ ಸೆರಗು ಹಿಡಿದುಕೊಳ್ಳುತ್ತಿತ್ತು. ದೊಡ್ಡತ್ತೆ ಒಂದೊಂದೇ ಬೆರಳು ಬಿಡಿಸುವರು. ಆ ಬೆರಳು ಬಿಡಿಸಿದ್ದನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ.

ವಯಸ್ಸಿನ ವಿಧವೆಗೆ ಬಾಡಿಗೆ ಮನೆ ಕೊಡಲು ಪೇಟೆಯಲ್ಲಿ ಯಾರೂ ತಯಾರಿರಲಿಲ್ಲ. ಯಾರೋ ಹೊಲಿಗೆ ಟೀಚರ ಮನೆ ತೋರಿಸಿದರು. ಅವರು ಸರ್ಕಾರಿ ಶಾಲೆಯಲ್ಲಿ ಹೊಲಿಗೆ ಕಲಿಸಿ ನಿವೃತ್ತರಾದವರು, ಒಂಟಿ. ಜಗಲಿಯ ಪಕ್ಕ ಒಂದು ಕೋಣೆ ಖಾಲಿಯಿತ್ತು. "ಯಾರ ಮನೆಯವಳು?" ಅಂದರು. ಹೇಳಿದೆ. ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. "ಆ ಮನೆಯವಳಾ. ಬಾ, ಒಳಗೆ ಬಾ. ನಾನೂ ಆ ಮನೆಯವಳೇ."

ಅವರಪ್ಪ ದೊಡ್ಡಮಾವನ ಅಪ್ಪನ ತಮ್ಮ. ಅಪ್ಪ ಜ್ವರ ಬಂದು ಹೋದಾಗ ಟೀಚರಿಗೆ ಆರು ವರ್ಷ, ಅವರಮ್ಮನಿಗೆ ನನಗಿಂತ ಕಡಿಮೆ ವಯಸ್ಸು. ಯಜಮಾನನಾಗಿದ್ದ ದೊಡ್ಡಮಾವನ ಅಪ್ಪ ನಿಂತು ಆಕೆಯ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಗೆ ಹಾಕಿದರು. ಕೊನೆಗೆ ಸೋದರಮಾವ ಬಂದು ತಾಯಿ ಮಗಳಿಬ್ಬರನ್ನೂ ಶೃಂಗೇರಿಗೆ ಕರೆದುಕೊಂಡು ಹೋಗಿ ಉಳಿಸಿದ್ದು. ಟೀಚರು ಮದುವೆಯಾಗಲಿಲ್ಲ. ಯಾಕೆ ಅಂದರೆ, "ಮದುವೆಯಾದರೆ ತಾನೇ ವಿಧವೆ ಆಗೋದು? ಆ ದಾರಿಗೇ ಬೇಲಿ ಹಾಕ್ದೆ" ಅನ್ನುವರು. ಕೂದಲಿಗೆ ಮಾತ್ರ ಜೀವಮಾನದಲ್ಲಿ ಕತ್ತರಿ ತಾಗಿಸಿರಲಿಲ್ಲ. ಬಟ್ಟೆ ಕತ್ತರಿಸುವ ಕೆಲಸದವರು, ನೋಡಿ.

ಅವರಿಗೊಂದು ಚಾಳಿಯಿತ್ತು. ಅವರೆದುರು ಯಾರೂ 'ಕಾಲ ಕೆಟ್ಟೋಯ್ತು' ಅನ್ನಬಾರದು. ಅಂದರೆ, ಹೊಲಿಗೆ ಮಿಷನ್ನಿನ ಚಕ್ರವನ್ನು ಕೈಯಲ್ಲಿ ನಿಲ್ಲಿಸಿ, "ಕೆಡೋಕೆ ಮುಂಚೆ ಚೆನ್ನಾಗಿದ್ದದ್ದು ಯಾವಾಗ? ಇಸವಿ ಹೇಳಿ" ಅನ್ನುವರು. ಪಾಪ, ಗೊತ್ತಿಲ್ಲದವರು ಹೇಳಿಬಿಡುತ್ತಿದ್ದರು. ಒಂದು ಸಂಜೆ ನಿವೃತ್ತ ಪೋಸ್ಟ್‌ಮಾಸ್ಟರು ಚಹಾ ಕುಡಿಯುತ್ತಾ, ಈಗಿನವರಿಗೆ ಕರುಣೆ ಅನ್ನೋದೇ ಇಲ್ಲ, ನಮ್ಮಜ್ಜನ ಕಾಲದಲ್ಲಿ ಮನುಷ್ಯ ಮನುಷ್ಯನಿಗೆ ಆಗುತ್ತಿದ್ದ ಅಂದರು. ಟೀಚರು ಸಾವಕಾಶವಾಗಿ, "ನಿಮ್ಮಜ್ಜನ ಕಾಲ ಅಂದ್ರೆ, ಬಾಳೆಗೊನೆ ಕದ್ದ ಅಂತ ಆಳನ್ನು ಕಂಬಕ್ಕೆ ಕಟ್ಟಿ ಕೈ ಮುರಿದರಲ್ಲ, ಆ ಕಾಲವಾ? ಅವನ ಮೊಮ್ಮಗ ಈಗ ಬಸ್ ಏಜೆಂಟು. ಕರೀಲಾ, ಕರುಣೆ ವಿಚಾರ ಕೇಳುವಾ?" ಅಂದರು. ಪೋಸ್ಟ್‌ಮಾಸ್ಟರು ಅರ್ಧ ಲೋಟ ಚಹಾ ಬಿಟ್ಟು ಎದ್ದರು. ಆಮೇಲೆ ಆ ಜಗಲಿಯಲ್ಲಿ ಜನ ಬಸ್ಸು, ಮಳೆ, ಕಾಳುಮೆಣಸಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ಹಾಗಂತ ಈಗಿನವರು ದೇವರು ಅಂತ ಅವರೇನೂ ನಂಬಿರಲಿಲ್ಲ. ಟೀವಿಯಲ್ಲಿ ಸೊಸೆಯನ್ನು ಸುಟ್ಟ ಸುದ್ದಿ ಬಂದ ದಿನ ನಾನೇ ಕೆಣಕಿದೆ, ಇದಕ್ಕೆ ಎಂತ ಹೇಳ್ತೀರಿ ಅಂತ. "ಮನುಷ್ಯ ಆಗಲೂ ಮೃಗ, ಈಗಲೂ ಮೃಗ ಮಾರಾಯ್ತಿ. ಆಗ ಚಪ್ಪರ ಹಾಕಿ, ನಾಲ್ಕು ಜನರನ್ನು ಕರೆದು ಮಾಡ್ತಿದ್ದ. ಈಗ ಬಾಗಿಲು ಹಾಕ್ಕೊಂಡು ಮಾಡ್ಬೇಕು, ಸಿಕ್ಕಿಬಿದ್ರೆ ಸುಳ್ಳು ಹೇಳ್ಬೇಕು. ಅಷ್ಟು ಸುಧಾರಿಸಿದೆ." ಇದು ಅವರ ಸಿದ್ಧಾಂತ. ಮನುಷ್ಯ ತಾನಾಗಿ ಒಳ್ಳೆಯವನಾಗುವುದಿಲ್ಲ, ನಾಲ್ಕು ಜನರೆದುರು ನಾಚಿಕೆ ಹುಟ್ಟಿಸಿ ಒಳ್ಳೆಯವನನ್ನಾಗಿ ಮಾಡಬೇಕು.

ದೊಡ್ಡಮಾವನದು ಇದರ ಪೂರಾ ಉಲ್ಟಾ. ಅವರು ಭಾಷಣಕಾರರು. ಸಹಕಾರ ಸಂಘದ ಸಭೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನೈತಿಕ ಅಧಃಪತನದ ಮೇಲೆ ಮುಕ್ಕಾಲು ಗಂಟೆ ಮಾತಾಡುವರು. ಹಿಂದೆ ಸ್ತ್ರೀಯನ್ನು ದೇವತೆ ಅಂತ ಪೂಜಿಸುತ್ತಿದ್ದೆವು, ಈಗ ತಾಯಿಗೆ ಮಗು ಬೇಡ, ಮಗುವಿಗೆ ತಾಯಿ ಬೇಡ ಅನ್ನುವಾಗ ಗಂಟಲು ಗದ್ಗದ. ನನ್ನ ಮಗಳನ್ನು ಮನೆಯಲ್ಲಿ ಕೂಡಿಹಾಕಿಕೊಂಡ ಬಾಯಿ ಇದು. ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಸಭಿಕರು ಕಣ್ಣೊರೆಸಿಕೊಳ್ಳುತ್ತಿದ್ದರು, ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ಅಷ್ಟರಲ್ಲಿ ನನ್ನ ಬದುಕಿನಲ್ಲಿ ಇನ್ನೊಂದು ಸುದ್ದಿ ಎದ್ದಿತು. ಎನ್.ಆರ್.ಪುರದಲ್ಲಿ ಟೈಪಿಂಗ್ ಕಲಿಸುತ್ತಿದ್ದ ಒಬ್ಬರು ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ನಮ್ಮ ಅಂಗಡಿಗೆ ಬರುತ್ತಿದ್ದರು. ಹೆಂಡತಿ ಇಲ್ಲದವರು. ಮದುವೆಯಾಗೋಣವೇ ಎಂದು ನೇರವಾಗಿ ಕೇಳಿದರು. ಮಗಳು ಬಂದರೆ ನಾನೂ ಬರುತ್ತೇನೆ, ಇಲ್ಲದಿದ್ದರೆ ಇಲ್ಲ ಅಂದೆ. ಅದು ದೊಡ್ಡಮಾವನ ಕಿವಿಗೆ ಬಿತ್ತು. ಮುಂದಿನ ಭಾನುವಾರ ನಾನು ಹೋದಾಗ ಗೇಟಿಗೆ ಬೀಗ. ಒಳಗಿನಿಂದಲೇ, "ಇನ್ನೊಬ್ಬನ ಹಿಂದೆ ಹೋಗುವವಳಿಗೆ ಕೂಸು ಎಂತಕ್ಕೆ? ಇನ್ನು ಬರಬೇಡ" ಅಂದರು. ಒಳಗೆಲ್ಲೋ ಮಗಳು ಅಳುವುದು ಕೇಳುತ್ತಿತ್ತು. ನಾನು ಗೇಟು ಹಿಡಿದು ಅಲ್ಲಾಡಿಸಿದೆ, ಕೂಗಿದೆ, ಬೈದೆ. ಕಡೆಗೆ ಬಸ್ಸು ಹತ್ತಿ ವಾಪಸ್ಸು ಬಂದೆ.

ಕೋರ್ಟಿಗೆ ಹೋಗುತ್ತೇನೆ ಅಂದೆ ಟೀಚರ ಹತ್ತಿರ. "ಹೋಗು. ಕಾನೂನು ನಿನ್ನ ಪರವೇ. ಆದರೆ ತೀರ್ಪು ಬರೋ ಹೊತ್ತಿಗೆ ಕೂಸೇ ಮದುವೆ ವಯಸ್ಸಿಗೆ ಬಂದಿರುತ್ತೆ" ಅಂದರು. ಆಮೇಲೆ ಬಹಳ ಹೊತ್ತು ಒಂದು ಜಾಕೀಟಿಗೆ ಗುಂಡಿ ಹಾಕುತ್ತಾ ಕೂತಿದ್ದವರು ಇದ್ದಕ್ಕಿದ್ದ ಹಾಗೆ ನಕ್ಕರು. "ಗಣಪತಿ ಚರ್ಚೆ ಬಂತಲ್ಲ ಮಾರಾಯ್ತಿ."

ನಮ್ಮ ಪೇಟೆಯ ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಒಂದು ಚರ್ಚಾಸ್ಪರ್ಧೆ. ಸಮಿತಿಗೆ ದೊಡ್ಡಮಾವನೇ ಅಧ್ಯಕ್ಷರು. ಹಿಂದೆ ಯಾವ ಪಕ್ಷ ಯಾರಿಗೆ ಅನ್ನುವುದಕ್ಕೇ ಜಗಳವಾಗಿ ಕುರ್ಚಿ ಹಾರಿದ್ದರಿಂದ ಅವರೇ ಒಂದು ನಿಯಮ ಮಾಡಿದ್ದರು. ವೇದಿಕೆಯ ಮೇಲೆ ಚೀಟಿ ಎತ್ತಬೇಕು, ಕೈಗೆ ಬಂದ ಪಕ್ಷವನ್ನು ಸ್ವಂತ ಮಾತು ಎಂಬ ಹಾಗೆ ವಾದಿಸಬೇಕು, ಹಿಂದೆ ಸರಿದವರು ಮುಂದೆಂದೂ ಆ ಮೈಕು ಮುಟ್ಟುವ ಹಾಗಿಲ್ಲ. ಆ ವರ್ಷದ ವಿಷಯವನ್ನೂ ಅವರೇ ಇಟ್ಟಿದ್ದರು: ಮಾನವಕುಲ ನೈತಿಕವಾಗಿ ಇಳಿಮುಖವೋ, ಏರುಮುಖವೋ. ಅವರ ಎದುರು ನಿಲ್ಲಲು ಯಾರೂ ಸಿಗಲಿಲ್ಲ. ಹೊಲಿಗೆ ಟೀಚರು ತಾವೇ ಹೋಗಿ ಹೆಸರು ಕೊಟ್ಟು ಬಂದರು. ಅಕ್ಷರ ಮುತ್ತಿನ ಹಾಗಿರುವುದರಿಂದ ಚೀಟಿ ಬರೆದುಕೊಡುವ ಕೆಲಸವೂ ಪ್ರತಿ ವರ್ಷ ಅವರದೇ.

ಹಿಂದಿನ ದಿನ ನನ್ನನ್ನು ಕರೆದು ಎರಡು ಚೀಟಿ ತೋರಿಸಿದರು. ಎರಡರಲ್ಲೂ 'ಏರುಮುಖ' ಅಂತಲೇ ಇತ್ತು.

"ಟೀಚರೇ, ಇದು ಮೋಸ ಅಲ್ವಾ?"

"ಮೋಸವೇ" ಅಂದರು, ಚೀಟಿ ಮಡಿಸುತ್ತಾ. "ಅಧ್ಯಕ್ಷರು ಮೊದಲು ಎತ್ತುತ್ತಾರೆ. ಉಳಿದದ್ದನ್ನು ನಾನು ಬಿಡಿಸಿ ನೋಡೋದಿಲ್ಲ, ಸೊಂಟಕ್ಕೆ ಸಿಕ್ಕಿಸ್ಕೊಳ್ತೇನೆ. ಹಾವಿಗೆ ಹನ್ನೆರಡು ವರ್ಷ ದ್ವೇಷವಂತೆ. ನಾನು ಅರವತ್ತು ದಾಟಿಸಿದ್ದೇನೆ, ಇಷ್ಟು ಮೋಸ ಮಾಡದಿದ್ರೆ ಹೇಗೆ?"

ಸಂಜೆ ಪೆಂಡಾಲು ತುಂಬಿತ್ತು. ಮೈಕು ಬಸ್ ಸ್ಟ್ಯಾಂಡಿನ ತನಕ. ದೊಡ್ಡಮಾವ ಚೀಟಿ ಬಿಡಿಸಿ ಓದಿದರು. ಮುಖ ಹರಳೆಣ್ಣೆ ಕುಡಿದ ಹಾಗಾಯಿತು. ಜನ ಗೊಳ್ಳೆಂದರು. ಇಷ್ಟು ವರ್ಷ ಕಾಲ ಕೆಟ್ಟಿತು ಎಂದು ಅತ್ತವರು ಈಗ ಕಾಲ ಸುಧಾರಿಸಿದೆ ಎಂದು ವಾದಿಸಬೇಕು. ಟೀಚರು, "ಉಳಿದದ್ದು ನನಗೆ ತಾನೇ, ಅದನ್ನೆಂತ ನೋಡೋದು" ಎಂದು ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

ದೊಡ್ಡಮಾವ ತಡವರಿಸಿದರು. ರಾಕೆಟ್ಟು ಅಂದರು, ಮೊಬೈಲು ಅಂದರು, ಪೋಲಿಯೋ ಹನಿ ಅಂದರು. ನಿರ್ವಾಹಕನಾಗಿದ್ದ ಕಾಲೇಜು ಮೇಷ್ಟ್ರು, "ಸಾರ್, ವಿಷಯ ನೈತಿಕತೆ" ಎಂದು ನೆನಪಿಸಿದ. ಅವರು ಬೆವರೊರೆಸಿಕೊಂಡು ಕೂತರು.

ಟೀಚರು ಎದ್ದರು. ಮೈಕು ಕೆಳಗಿಳಿಸಿಕೊಂಡರು. ದನಿ ಏರಿಸಲಿಲ್ಲ.

"ಮನುಷ್ಯ ಏರಿದ್ದಾನೆ ಅಂತಾರೆ ಅಧ್ಯಕ್ಷರು. ನಾನು ಒಂದೇ ಮನೆ ವಿಷಯ ಹೇಳ್ತೇನೆ. ಹೆಸರು ಹೇಳೋದಿಲ್ಲ. ಆ ಮನೇಲಿ ಒಬ್ಬ ಹೆಂಗಸಿನ ತಲೆ ಬೋಳಿಸಿದ್ರು. ಕೊಟ್ಟಿಗೆ ಹಿಂದೆ ಮಣೆ ಹಾಕಿ ಕೂರಿಸಿದ್ರು. ಕ್ಷೌರದವ ಕತ್ತಿ ಕೆಳಗಿಟ್ಟು, ನಾ ಮಾಡ್ಲಾರೆ ಒಡೆಯ ಅಂದ. ಮನೆ ಯಜಮಾನ ಮಾಡು ಅಂದ. ಆ ಹೆಂಗಸು ತನ್ನ ಮಗಳ ಕೈ ಹಿಡ್ಕೊಂಡಿದ್ಲು. ಕೂದಲು ಮಗಳ ಕಾಲಿನ ಮೇಲೇ ಬಿತ್ತು. ಆ ಮಗಳು ನಾನು." ಹೆಗಲ ಮೇಲೆ ಬಿದ್ದಿದ್ದ ಜಡೆಯನ್ನು ಹಿಂದಕ್ಕೆ ಹಾಕಿಕೊಂಡರು. "ಅದು ಹಳೇ ಕಾಲ ಬಿಡಿ ಅಂತೀರಿ. ಸರಿ. ಅದೇ ಮನೇಲಿ ಇವತ್ತು ಇನ್ನೊಬ್ಬ ವಿಧವೆಯ ಕೂಸನ್ನ ಗೇಟಿಗೆ ಬೀಗ ಹಾಕಿ ಇಟ್ಕೊಂಡಿದಾರೆ. ತಾಯಿ ಹೊರಗೆ ನಿಂತು ಕೂಗಿದ್ರೂ ಬೀಗ ತೆಗೀಲಿಲ್ಲ. ಅಪ್ಪನ ಕಾಲಕ್ಕೂ ಮಗನ ಕಾಲಕ್ಕೂ ಎಂತ ವ್ಯತ್ಯಾಸ? ಮನುಷ್ಯ ಒಂದು ಗೇಣೂ ಮೇಲೆ ಬಂದಿಲ್ಲ. ಅಧ್ಯಕ್ಷರು ಸುಳ್ಳು ಅಂತ ತೋರಿಸ್ಲಿ, ನಾನು ಸೋತೆ ಅಂತ ಬರ್ಕೊಡ್ತೇನೆ."

ಯಾವ ಮನೆ ಎಂದು ಗೊತ್ತಿಲ್ಲದವರು ಅಲ್ಲಿ ಯಾರೂ ಇರಲಿಲ್ಲ. ತಲೆಗಳೆಲ್ಲ ದೊಡ್ಡಮಾವನ ಕಡೆ ತಿರುಗಿದವು. ಬಾಯಲ್ಲಿ ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಇಲ್ಲ ಅನ್ನದಿದ್ದರೆ ಊರೆದುರು ಸೋಲು ಮತ್ತು ನಾಚಿಕೆ, ಎರಡೂ. ಅವರು ಎದ್ದರು. ಆ ಮನುಷ್ಯ ಕೆಟ್ಟವರಿರಬಹುದು, ಆದರೆ ಮೈಕಿನ ಮುಂದೆ ಸೋತು ಅಭ್ಯಾಸವಿಲ್ಲ.

"ಆ ಮನೆ ಬದಲಾಗಿದೆ" ಎಂದು ಗುಡುಗಿದರು. "ಅಪ್ಪ ಮಾಡಿದ್ದಕ್ಕೆ ಮಗ ತಲೆ ತಗ್ಗಿಸುತ್ತಾನೆ, ಅದೇ ಏರುಮುಖ. ಆ ಕೂಸಿನ ತಾಯಿ ಯಾವತ್ತು ಬಂದರೂ ಕೂಸನ್ನು ಕರೆದುಕೊಂಡು ಹೋಗಬಹುದು. ಅವಳು ಮರುಮದುವೆ ಆಗುವುದಾದರೆ ಮುಂದೆ ನಿಂತು ಧಾರೆ ಎರೆಯುವವನು ನಾನೇ. ನಮ್ಮ ಮನೆತನ ಅಂಥದ್ದು."

ಚಪ್ಪಾಳೆ ಹೇಗೆ ಬಿತ್ತು ಅಂತೀರಿ. ಜನ ಎದ್ದು ನಿಂತರು. ಅಧಃಪತನದ ಭಾಷಣಕ್ಕೆ ಅವರು ಜನ್ಮದಲ್ಲಿ ಅಂಥ ಚಪ್ಪಾಳೆ ಕಂಡಿರಲಿಲ್ಲ. ಕಣ್ಣು ಮುಚ್ಚಿ ಅದನ್ನು ಕುಡಿಯುತ್ತಿದ್ದರು. ಟೀಚರು ತಮ್ಮ ಮೈಕಿಗೆ ಬಾಯಿಟ್ಟು, "ನಾನು ಸೋತೆ. ನಾಳೆ ಬೆಳಿಗ್ಗೆ ಮೊದಲನೇ ಬಸ್ಸಿಗೆ ಕೂಸನ್ನು ಕರ್ಕೊಂಡು ಬರೋಕೆ ನಾವೆಲ್ಲ ಬರ್ತೇವೆ. ಯಾರ್ಯಾರು ಬರ್ತೀರಿ, ಕೈ ಎತ್ತಿ" ಅಂದರು. ದೊಡ್ಡಮಾವ ಕಣ್ಣು ಬಿಟ್ಟಾಗ ಪೆಂಡಾಲಿನ ತುಂಬ ಕೈಗಳು. ನಿರ್ವಾಹಕ ಅವರಿಗೆ ಮೊದಲ ಬಹುಮಾನದ ಶಾಲು ಹೊದೆಸಿದ.

ಮರುದಿನ ಬಸ್ಸಿನಲ್ಲಿ ಟೀಚರ ಹಳೇ ಶಿಷ್ಯೆಯರೇ ಅರ್ಧ ಇದ್ದರು. ಗೇಟು ತೆಗೆದಿತ್ತು. ದೊಡ್ಡತ್ತೆ ಮಗಳ ಬಟ್ಟೆಯ ಚೀಲ ತಂದಿಟ್ಟು ಒಳಗೆ ಹೋದರು, ನನ್ನ ಮುಖ ನೋಡಲಿಲ್ಲ. ಮಗಳು ಓಡಿಬಂದು ನನ್ನ ಹೊಟ್ಟೆಗೆ ತಲೆ ಒತ್ತಿ ನಿಂತಳು. ದೊಡ್ಡಮಾವ ಟೀಚರ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದ್ದು ನನಗೆ ಕೇಳಿಸಿತು. "ಊರೆದುರು ನನ್ನ ಮರ್ಯಾದೆ ತೆಗೆದೆಯಲ್ಲ."

"ತೆಗೆದದ್ದೆಲ್ಲಿ, ಕೊಟ್ಟೆ. ಶಾಲು ಹೊದ್ಕೊಂಡಿಲ್ವಾ? ಧಾರೆ ಎರೆಯೋದು ಬಾಕಿ ಇದೆ, ಮರೀಬೇಡ."

ಶೃಂಗೇರಿಯ ಒಂದು ಸಣ್ಣ ಛತ್ರದಲ್ಲಿ ಮದುವೆಯಾಯಿತು. ಧಾರೆ ಎರೆಯಲು ದೊಡ್ಡಮಾವನೇ ನಿಂತರು, ಬೇರೆ ದಾರಿ ಇರಲಿಲ್ಲ. ಟೀಚರು ಮುಂದಿನ ಸಾಲಿನ ಕುರ್ಚಿಯಲ್ಲಿ ನನ್ನ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಲೆ ಅಡಿಕೆ ಅಗಿಯುತ್ತಾ, ಕಣ್ಣು ಮಿಟುಕಿಸದೆ ಅವರ ಕೈಯನ್ನೇ ನೋಡುತ್ತಿದ್ದರು. ನೀರು ಎರೆಯುವ ಆ ಕೈ ನಡುಗಿತು. ನನಗೆ ಮಂತ್ರಕ್ಕಿಂತ ಆ ನಡುಕವೇ ಆಶೀರ್ವಾದದ ಹಾಗಿತ್ತು.

ಆಮೇಲೆ ಒಮ್ಮೆ ಕೇಳಿದೆ, ಈಗಾದರೂ ಮನಸ್ಸಿಗೆ ಸಮಾಧಾನ ಆಯಿತಾ ಅಂತ. ನನ್ನನ್ನು ದುರುಗುಟ್ಟಿ ನೋಡಿದರು. "ನಿನಗೆ ಕೂಸು ಸಿಕ್ತು. ನನ್ನಮ್ಮನಿಗೆ ಎಂತ ಸಿಕ್ತು?" ಅಂದರು. ಸೇಡು ತೀರಿತು ಅಂತ ಜನ ಸುಲಭವಾಗಿ ಅನ್ನುತ್ತಾರೆ. ಕೆಲವು ತೀರುವುದಿಲ್ಲ, ತೀರಬೇಕಾದ್ದೂ ಇಲ್ಲ.

ಇನ್ನೊಂದು ತಮಾಷೆ ಏನೆಂದರೆ, ದೊಡ್ಡಮಾವ ತಮ್ಮ ಭಾಷಣ ಬದಲಾಯಿಸಿದರು. ಹೋದಲ್ಲೆಲ್ಲ, 'ವಿಧವಾ ವಿವಾಹವನ್ನು ನಮ್ಮ ಮನೆಯಲ್ಲೇ ನಿಂತು ಮಾಡಿಸಿದೆ' ಎಂದು ಎದೆ ತಟ್ಟಿಕೊಳ್ಳತೊಡಗಿದರು. ನನಗೆ ಮೈಯೆಲ್ಲ ಉರಿಯಿತು. ಹೋಗಿ ಅದೇ ಮೈಕಿನಲ್ಲಿ ಎಲ್ಲ ಬಯಲು ಮಾಡುತ್ತೇನೆ ಎಂದು ಹೊರಟೆ. ಟೀಚರು ತಡೆದರು. "ಹೇಳ್ಕೊಂಡು ತಿರುಗಲಿ ಬಿಡು ಮಾರಾಯ್ತಿ. ಹೇಳಿ ಹೇಳಿ ಅವನೇ ನಂಬ್ತಾನೆ. ಇನ್ನೊಬ್ಬ ಹೆಣ್ಣಿಗೆ ಅಡ್ಡ ನಿಲ್ಲೋಕೆ ಬಾಯಿ ಇರೋದಿಲ್ಲ. ಮನುಷ್ಯ ಉದ್ಧಾರ ಆಗೋದು ಹೀಗೇ, ಇಂಥ ಜಂಬದಿಂದಲೇ." ನಿಜ ಹೇಳಬೇಕೆಂದರೆ, ಆ ಮನೆಯಲ್ಲಿ ಮುಂದೆ ಇನ್ನೊಬ್ಬ ಸೊಸೆಗೆ ಅದೇ ಗತಿ ಬಂದಾಗ ಯಾರೂ ಅವಳ ಮಗುವನ್ನು ಮುಟ್ಟಲಿಲ್ಲ. ಆದರೂ ನನ್ನ ಹೊಟ್ಟೆಯ ಉರಿ ಆರಲಿಲ್ಲ.

ಕೆಲವು ವರ್ಷಗಳ ಮೇಲೆ, ಒಂದು ಬೇಸಿಗೆಯಲ್ಲಿ ಟೀಚರು ಬಚ್ಚಲಿನಲ್ಲಿ ಬಿದ್ದರು. ಹಾಸಿಗೆ ಹಿಡಿದು ಹೆಚ್ಚು ದಿನ ಉಳಿಯಲಿಲ್ಲ. ನಾನು ಎನ್.ಆರ್.ಪುರದಿಂದ ಬಂದು ಜೊತೆಗಿದ್ದೆ. ಮಾತು ನಿಲ್ಲುವ ಮುಂಚೆ ನನ್ನ ಕೈ ಹಿಡಿದು, "ನೀನೇ ಕೊಳ್ಳಿ ಇಡು. ಅವನು ಬರ್ತಾನೆ. ಅವನ ಕೈಯಿಂದ ಒಂದು ತೊಟ್ಟು ನೀರೂ ಬೇಡ" ಅಂದರು.

ಬಂದರು. ಅಂಗಳದಲ್ಲಿ ಹೆಣ ಇಟ್ಟಿದ್ದೆವು, ಬಿಳಿ ಕಾರು ನಿಂತಿತು. ಜೊತೆಗೆ ಪುರೋಹಿತರು. ದೊಡ್ಡಮಾವ ಜನರೆದುರು ಕೈಮುಗಿದು, ತಂಗಿಗಿಂತ ಹೆಚ್ಚು ಇವಳು ನನಗೆ, ಮಕ್ಕಳಿಲ್ಲದವಳು, ದಾಯಾದಿಯಾಗಿ ಕರ್ಮ ಮಾಡುವ ಹಕ್ಕು ನನ್ನದು ಎಂದು ಗದ್ಗದರಾದರು. ಅದೇ ಗಂಟಲು. ಇಪ್ಪತ್ತು ಜನ ತಲೆದೂಗಿದರು. ನಾನು ಹೆಣದ ತಲೆಯ ಹತ್ತಿರ ಕೂತಿದ್ದವಳು ಎದ್ದು ಅಡ್ಡ ನಿಂತೆ.

"ನೀವು ಮುಟ್ಟಬೇಡಿ. ಕೊಳ್ಳಿ ನಾನು ಇಡ್ತೇನೆ. ಅವರೇ ಹೇಳಿ ಹೋಗಿದ್ದಾರೆ."

"ಹೆಂಗಸರು ಬೆಂಕಿ ಇಡುವ ಪದ್ಧತಿ ನಮ್ಮಲ್ಲಿಲ್ಲ. ಸತ್ತವರ ಮೇಲೂ ದ್ವೇಷವಾ? ಅವಳಿಗೆ ಸದ್ಗತಿ ಬೇಡವಾ?"

"ಮನುಷ್ಯ ಏರಿದ್ದಾನೆ ಅಂತ ಮೈಕಿನಲ್ಲಿ ಹೇಳಿದ್ದು ನೀವು. ಶಾಲು ಹೊದ್ದದ್ದೂ ನೀವು. ಇವರು ಸೋತವರು. ಸೋತವರಿಗೆ ನಿಮ್ಮ ಸದ್ಗತಿ ಬೇಡ."

ಅವರು ಪುರೋಹಿತರ ಮುಖ ನೋಡಿದರು. ಪುರೋಹಿತರು ನೆಲ ನೋಡಿದರು. ಜನರ ಕಡೆ ತಿರುಗಿದರು. ಯಾರೂ ಒಂದು ಮಾತು ಆಡಲಿಲ್ಲ. ಚಪ್ಪಾಳೆಗಾಗಿ ಬದುಕಿದವರಿಗೆ ಆ ಮೌನ ಎಷ್ಟು ಕಹಿಯಾಗಿರಬೇಕು. ವಯಸ್ಸಾಗಿತ್ತು ಅವರಿಗೂ. ಕಾರಿನ ಬಾಗಿಲು ತೆಗೆಯಲು ಕೈ ಬರದೆ ಡ್ರೈವರು ಇಳಿದು ಬಂದು ತೆಗೆದ. ಬೇರೆಯವರಾಗಿದ್ದರೆ ಅಯ್ಯೋ ಪಾಪ ಅನ್ನಿಸುತ್ತಿತ್ತೇನೋ. ನನಗೆ ಅನ್ನಿಸಲಿಲ್ಲ.

ಕಾರು ತಿರುವು ದಾಟುವ ತನಕ ನಾನು ಅಲ್ಲೇ ನಿಂತಿದ್ದೆ. ಒಳಗಿನಿಂದ ನಗು ಉಕ್ಕಿ ಬಂತು, ತಡೆಯಲಾಗಲಿಲ್ಲ. ಸಾವಿನ ಅಂಗಳದಲ್ಲಿ ನಗಬಾರದಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡೆ, ಮೈಯೆಲ್ಲ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಹೆಂಗಸರು ಬಂದು ಬೆನ್ನು ಸವರಿದರು. ಮಗಳು ಮಾತ್ರ ನನ್ನ ಮುಖ ನೋಡಿ, ಏನೂ ಕೇಳದೆ, ಬೆಂಕಿಯ ಮಡಕೆ ತಂದು ನನ್ನ ಕೈಗೆ ಕೊಟ್ಟಳು.